ಬೆಟಗೇರಿ ತಂಡ ಕಡಲಿಗೆ ಹೋದದ್ದು

ಬೆಟಗೇರಿ,
ಫೆಬ್ರವರಿ ೩೦, ೨೧೯೪

ಹಿಂದಿನ ಕಾಲದ ಹಾಕಿ ಅಭಿಮಾನಿಗಳಿಗೆ ಶಿವಗಂಗಾ ಬಣಕಾರಳ ನಮಸ್ಕಾರಗಳು.

ತಾರೀಖು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಕ್ಯಾಲೆಂಡರನ್ನು ತಿದ್ದುವಾಗ ಫೆಬ್ರವರಿಗೂ ಮೂವತ್ತು ದಿನ ಕೊಟ್ಟರು. ಭಾಷೆಯ ಬಗ್ಗೆಯೂ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನೀವು ಬರೆಯುತ್ತಿದ್ದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿಸುತ್ತೇನೆ, ಆದರೆ ಅದರಲ್ಲಿ ಪತ್ರ ಬರೆಯುತ್ತಿರುವುದು ಇದೇ ಮೊದಲು. ಮದುವೆಗೆ ಎರವಲು ಸೀರೆ ಉಟ್ಟುಕೊಂಡು ಬಂದವಳ ಹಾಗೆ ನನ್ನ ವಾಕ್ಯಗಳು ಅಲ್ಲಲ್ಲಿ ಬಿಗಿಯಾಗಿಯೂ ಅಲ್ಲಲ್ಲಿ ಜೋಲುತ್ತಲೂ ಇರಬಹುದು. ಮನೆಯ ಮಾತು ಮಾತ್ರ ಅಷ್ಟಾಗಿ ಬದಲಾಗಿಲ್ಲ. ನಮ್ಮೂರಿನವರು ಆಡಿದ್ದನ್ನು ಬರೆದರೆ ನಿಮ್ಮ ಕಾಲದ ಗದಗಿನವರಿಗೆ ಅದು ಗುರುತು ಸಿಗುತ್ತದೆ ಎಂದು ನಂಬಿದ್ದೇನೆ.

ಈ ಪತ್ರಕ್ಕೆ ಕಾರಣ ನೀವೇ. ನಿಮ್ಮ ಕಾಲದವರು ಇಂಟರ್‌ನೆಟ್ಟಿನಲ್ಲಿ ಆಡಿದ ಜಗಳಗಳು ನಮಗೆ ಈಗ ಪಠ್ಯ. ಕಳೆದ ತಿಂಗಳು ಒಂದು ಹಾಕಿ ತಂಡದ ಮಾರಾಟದ ಬಗ್ಗೆ ಅಭಿಮಾನಿಗಳು ನಡೆಸಿದ ವಾದವನ್ನು ಮಕ್ಕಳೊಡನೆ ಓದಿದೆ. ಬೆಲೆ ಹೆಚ್ಚಾಯಿತೆಂದು ಕೆಲವರು, ಪುಕ್ಕಟೆಯಾಗಿ ಹೋಯಿತೆಂದು ಕೆಲವರು, ತಂಡ ಹೋಗಿ ಸೇರುವ ಊರಿನವರಿಗೆ ಸ್ಟಿಕ್ಕು ಹಿಡಿಯುವುದೇ ತಿಳಿಯದೆಂದು ಇನ್ನು ಕೆಲವರು. ಓದುತ್ತ ನಾನು ಪಾಠ ಮರೆತೆ. ಯಾಕೆಂದರೆ ಅದೇ ಮಾತುಗಳನ್ನು ನಾನು ನನ್ನ ಕಿವಿಯಿಂದ ಕೇಳಿದ್ದೆ, ಎಷ್ಟನ್ನೋ ನನ್ನ ಬಾಯಿಂದಲೇ ಆಡಿದ್ದೆ. ನಮ್ಮ ತಂಡವನ್ನು ನಾವು ಹೇಗೆ ಮಾರಿದೆವು, ಆಮೇಲೆ ಏನಾಯಿತು ಎಂಬುದನ್ನು ನಿಮಗೆ ಹೇಳಬೇಕೆನಿಸಿದೆ.

ಬೆಟಗೇರಿಯಲ್ಲಿ ಹಾಕಿ ನಿಮ್ಮ ಕಾಲಕ್ಕೂ ಹಳೆಯದು. ಮಗ್ಗವೂ ಹಾಗೆಯೇ. ಈಗ ನಮ್ಮ ಮಗ್ಗಗಳಲ್ಲಿ ಸೀರೆಗಿಂತ ನೆರಳುಬಟ್ಟೆ ಹೆಚ್ಚು ನೇಯುತ್ತಾರೆ. ಬಿಸಿಲನ್ನು ಕುಡಿದು ಕರೆಂಟು ಕೊಡುವ ದಪ್ಪ ಬಟ್ಟೆ ಅದು. ಊರಿನ ಬೀದಿಗಳ ಮೇಲೆಲ್ಲ ಚಪ್ಪರದ ಹಾಗೆ ಹಾಸಿರುತ್ತದೆ. ಅದರ ಕೆಳಗೆ ಅಂಗಡಿ, ಓಡಾಟ, ಹರಟೆ. ಹಗಲು ಬಯಲಿನಲ್ಲಿ ಆಡುವಷ್ಟು ತಂಪು ಎಂದೂ ಇರುವುದಿಲ್ಲವಾದ್ದರಿಂದ ಪಂದ್ಯಗಳೆಲ್ಲ ನಸುಕಿನಾಟಗಳು. ಮಿರ್ಚಿ ಭಜಿಯವರು ಅಷ್ಟು ಹೊತ್ತಿಗೇ ಎಣ್ಣೆ ಕಾಯಿಸಿರುತ್ತಾರೆ. ಹೆಣ್ಣು ಗಂಡು ಒಂದೇ ತಂಡದಲ್ಲಿ ಆಡುತ್ತಾರೆ. ಮೈದಾನದ ಮೂರು ಕಡೆ ಕಲ್ಲಿನ ಮೆಟ್ಟಿಲುಗಳಿವೆ. ಅದನ್ನು ಕಟ್ಟೆ ಎನ್ನುತ್ತೇವೆ. ಅಲ್ಲಿ ಕೂತು ಕೂಗುವವರು ಕಟ್ಟೆಯವರು. ನಮ್ಮಲ್ಲಿ ಇಲ್ಲದ್ದು ನೀರು. ನಾನು ಹೇಳುತ್ತಿರುವ ಕಾಲದಲ್ಲಿ ನಮಗಿದ್ದದ್ದು ಪಾಳಿನೀರು. ಓಣಿಗಳಿಗೆ ಸರದಿಯ ಮೇಲೆ ಬಿಡುತ್ತಿದ್ದರು. ನಮ್ಮ ಸರದಿ ಬರುವ ಹೊತ್ತಿಗೆ ಕೊಡದ ತಳದಲ್ಲಿ ಕೈ ಬಡಿಯುತ್ತಿತ್ತು. ನೀರು ಬರುವ ದಿನ ಶಾಲೆಯಲ್ಲಿ ಅರ್ಧ ಮಕ್ಕಳು ಇರುತ್ತಿರಲಿಲ್ಲ, ನಾನೂ ಹಾಜರಿ ಕೇಳುತ್ತಿರಲಿಲ್ಲ.

ತಂಡದ ಹೆಸರು ‘ಬೆಟಗೇರಿ’. ಹಿಂದೆ ಮುಂದೆ ಏನೂ ಇಲ್ಲ, ಬರೀ ಬೆಟಗೇರಿ. ಒಡತಿ ಅನಸೂಯಾಬಾಯಿ ಕಬಾಡಿ, ಮಗ್ಗದ ಮನೆತನದ ಹಿರಿಯ ಹೆಂಗಸು. ತಂಡ ಅವರಿಗೆ ತವರಿನ ಬಳುವಳಿಯಾಗಿ ಬಂದಿತ್ತು. ನನ್ನ ತಂಗಿ ಕಸ್ತೂರಿ ಆ ತಂಡದ ಗೋಲ್‌ಕೀಪರ್. ಅಪ್ಪ ಅವ್ವ ತೀರಿಕೊಂಡ ಮೇಲೆ ನಾವಿಬ್ಬರೇ ಒಂದು ಮನೆಯಲ್ಲಿದ್ದೆವು. ಅವಳದು ಮಾತು ಕಡಿಮೆ. ಪ್ಯಾಡು ಕಟ್ಟಿಕೊಂಡು ಗೋಲಿನ ಬಾಯಲ್ಲಿ ನಿಂತರೆ ಮಾತ್ರ ಇಡೀ ಮೈದಾನಕ್ಕೆ ಕೇಳುವ ಹಾಗೆ ಬೈಯುತ್ತಿದ್ದಳು.

ಅಂಥ ದಿನಗಳಲ್ಲಿ ತೇಲೂರಿನಿಂದ ಕೇಳಿಕೆ ಬಂತು. ತೇಲೂರು ಕಾರವಾರದಾಚೆ ಕಡಲ ಮೇಲೆ ತೇಲುವ ಪಟ್ಟಣ. ದಡದ ಊರುಗಳು ಮುಳುಗಿದ ಮೇಲೆ ಅಲ್ಲಿಯ ಜನ ದೊಡ್ಡ ದೊಡ್ಡ ತೆಪ್ಪಗಳನ್ನು ಜೋಡಿಸಿ ಕಟ್ಟಿಕೊಂಡದ್ದು. ಉಪ್ಪುನೀರನ್ನು ಸಿಹಿ ಮಾಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಘಟ್ಟ ಹತ್ತಿಸಿ ಬಯಲುಸೀಮೆಗೆ ನೀರು ತರುವ ಕಡಲಕೊಳವೆ ಆಗಲೇ ಹುಬ್ಬಳ್ಳಿಯವರೆಗೆ ಬಂದಿತ್ತು. ಅವರ ಮಾತು ಇಷ್ಟೇ: ನಿಮ್ಮ ಹಾಕಿ ತಂಡವನ್ನು ನಮಗೆ ಕೊಡಿ, ಕೊಳವೆಯನ್ನು ಬೆಟಗೇರಿಗೆ ಎಳೆದು ಇಪ್ಪತ್ತು ವರ್ಷ ದಿನವೂ ನೀರು ಬಿಡುತ್ತೇವೆ.

ಅನಸೂಯಾಬಾಯಿ ಕಟ್ಟೆಯವರನ್ನು ಕರೆಸಿದರು. ಕೂಡಲಿಕ್ಕೆ ಹೇಳಿ, ಚಹಾ ಕೊಡಿಸಿ, ಎಲ್ಲರ ಮುಖವನ್ನೂ ಒಮ್ಮೆ ನೋಡಿದರು.

“ಕಾಗದದಾಗ ತಂಡ ನಂದು. ಆದ್ರ ಕೂಗಿದವರು ನೀವು. ನೀವು ಹೂಂ ಅಂದ್ರ ಕೊಡ್ತೀನಿ, ಒಲ್ಲೆ ಅಂದ್ರ ಬಿಡ್ತೀನಿ” ಎಂದರು.

ಅಲ್ಲಿಂದ ಶುರುವಾಯಿತು ನೋಡಿ. ನೀರಿನ ಪಾಳಿಯಲ್ಲಿ, ಭಜಿ ಅಂಗಡಿಯಲ್ಲಿ, ಮಗ್ಗದ ಸದ್ದಿನ ನಡುವೆ, ಸತ್ತವರ ಮನೆಯ ಮುಂದೆ ಕೂತಾಗಲೂ ಅದೇ ಮಾತು. ಇಪ್ಪತ್ತು ವರ್ಷದ ನೀರು ಬಹಳಾಯಿತು, ನಮ್ಮ ತಂಡ ಕಪ್ಪು ಗೆದ್ದು ಯಾವ ಕಾಲವಾಯಿತು ಎಂದು ಕೆಲವರು. ಇಪ್ಪತ್ತು ವರ್ಷ ಎಂದರೆ ಒಂದು ಮಗು ಬೆಳೆದು ಮದುವೆಗೆ ಬರುವಷ್ಟು ಹೊತ್ತು, ಆಮೇಲೆ ಅದರ ಮಕ್ಕಳು ಕುಡಿಯುವುದೇನನ್ನು ಎಂದು ಕೆಲವರು. ಕೊಡ ಹೊತ್ತು ನಿಂತ ಹೆಂಗಸರು ನಮ್ಮ ವಾದ ಕೇಳಿ ನಗುತ್ತಿದ್ದರು. ಚೆಂಡಿನ ಹಿಂದೆ ಓಡುವವರನ್ನು ಕೊಟ್ಟರೆ ನೀರು ಬರುವುದಾದರೆ ಇನ್ನೂ ಹನ್ನೊಂದು ಮಂದಿಯನ್ನು ನಾವೇ ಹಿಡಿದು ಕೊಡುತ್ತೇವೆ ಎನ್ನುತ್ತಿದ್ದರು. ಅವರ ಹಿಂದೆಯೇ ನಾವೂ ಪಾಳಿ ಹಿಡಿಯುತ್ತಿದ್ದೆವು. ನಮ್ಮ ಕೈಯಲ್ಲೂ ಕೊಡಗಳಿದ್ದವಲ್ಲ.

ಮಾರುವುದೇ ಬೇಡ ಎಂಬ ಗುಂಪಿಗೆ ವಕೀಲ ದಾವಲಸಾಬ ನದಾಫ ಮುಂದಾಳು. ಕೋರ್ಟಿನಲ್ಲಿ ಕರಿ ಕೋಟು, ಕಟ್ಟೆಯ ಮೇಲೆ ಕೊರಳಲ್ಲಿ ಹಲಗಿ. ನಮ್ಮ ತಂಡ ಗೋಲು ಹೊಡೆದಾಗ ಅವರು ಹಲಗಿ ಬಾರಿಸುವುದು ಗದಗಿನ ತನಕ ಕೇಳುತ್ತದೆಂದು ಹೇಳುತ್ತಿದ್ದರು. ಆ ಗುಂಪಿನಲ್ಲಿ ನಾನೂ ಇದ್ದೆ. ತಂಡ ಮಾರಿದರೆ ಜೀವಮಾನದಲ್ಲಿ ಮತ್ತೆ ಅದರ ಆಟ ನೋಡುವುದಿಲ್ಲ ಎಂದು ದಾವಲಸಾಬರು ಎಲ್ಲರೆದುರು ಆಣೆ ಮಾಡಿದರು. ಕಸ್ತೂರಿ ದಿನಾ ಸಂಜೆ ನಮ್ಮ ಈ ಮಾತುಗಳನ್ನೆಲ್ಲ ಕೇಳುತ್ತ, ಸ್ಟಿಕ್ಕಿನ ಹಿಡಿಗೆ ಪಟ್ಟಿ ಸುತ್ತುತ್ತ ಕೂತಿರುತ್ತಿದ್ದಳು.

ತೇಲೂರಿನ ಪರವಾಗಿ ಮಾತಾಡಲು ಬಂದವಳು ಮೀನಾಕ್ಷಿ ಹರಿಕಂತ್ರ, ನನ್ನ ವಯಸ್ಸಿನವಳೇ. ನಾನು ಶಾಲೆಯವಳೆಂದು ಅವಳನ್ನು ನಮ್ಮ ಮನೆಯಲ್ಲಿ ಇಳಿಸಿದರು. ಬೇಡವೆನ್ನಲು ಆಗಲಿಲ್ಲ. ಅವಳು ಹುಟ್ಟಿದ್ದೇ ತೆಪ್ಪದ ಮೇಲೆ. ಕಾಲ ಕೆಳಗಿನ ನೆಲ ಅಲ್ಲಾಡದಿದ್ದರೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಅದಕ್ಕೆ ಅವರು ನೆಲಸುತ್ತು ಎನ್ನುತ್ತಾರೆ. ಮೊದಲ ದಿನವೆಲ್ಲ ಗೋಡೆ ಹಿಡಿದು ನಡೆದಳು. ಕಸ್ತೂರಿ ಅಟ್ಟದಿಂದ ಹಳೆಯ ಜೋಕಾಲಿ ಇಳಿಸಿ ಪಡಸಾಲೆಯಲ್ಲಿ ಕಟ್ಟಿದ ಮೇಲೆಯೇ ಅವಳ ಮುಖಕ್ಕೆ ಕಳೆ ಬಂದದ್ದು. ಅದರ ಮೇಲೆ ಕೂತು ತೂಗಿಕೊಳ್ಳುತ್ತ ರೊಟ್ಟಿ ತಿಂದಳು. ಬಾಗಿಲೆದುರು ಬಿದ್ದಿದ್ದ ಒಂದು ಕಲ್ಲಿನ ಹರಳನ್ನೆತ್ತಿ, ಇದು ಯಾರದು ಎಂದು ಕೇಳಿದಳು. ಯಾರದೂ ಅಲ್ಲದ ಕಲ್ಲುಗಳು ಬೀದಿಯಲ್ಲಿ ಬಿದ್ದಿರುತ್ತವೆ ಎಂಬುದು ಅವಳಿಗೆ ಹೊಸದು. ನಾನೂ ಅವಳಿಗೆ ಕೇಳಿದ್ದೇ ಕೇಳಿದ್ದು. ಮಳೆ ಬಂದರೆ ಖುಷಿಯೇ, ಅಂಗಳ ಗುಡಿಸುತ್ತೀರಾ, ಸತ್ತವರನ್ನು ಎಲ್ಲಿಡುತ್ತೀರಿ. ಮಾತು ಬೆಳೆದು, ನೀವೇ ಒಂದು ತಂಡ ಕಟ್ಟಿಕೊಳ್ಳಬಾರದೇ, ನಮ್ಮದೇ ಯಾಕೆ ಎಂದೂ ಕೇಳಿದೆ.

ಅವಳು ಜೋಕಾಲಿ ನಿಲ್ಲಿಸಿದಳು.

“ಕಟ್ಟಿದ್ವು. ಎರಡು ವರ್ಷ ಆಡಿದ್ವು. ಸೋತ್ರೂ ಯಾರಿಗೂ ಬೇಜಾರೇ ಆಗಲಿಲ್ಲ. ನಮ್ಮಲ್ಲಿ ಎಷ್ಟೋ ಮುಳುಗಿದ ಊರಿನ ಜನ ಅದೆ, ಒಬ್ಬರ ದೇವರು ಒಬ್ಬರಿಗೆ ಆಗೂದಿಲ್ಲ. ಸೋತ್ರೆ ಎಲ್ಲರಿಗೂ ಒಟ್ಟಿಗೆ ಅಳು ಬರೂ ಅಂಥದ್ದು ಒಂದು ಬೇಕು ನಮಗೆ. ಅದನ್ನ ಹೊಸದಾಗಿ ಮಾಡೂಕೆ ಆಗೂದಿಲ್ಲ.”

ಆಮೇಲೆ ನನಗೆ ಅವಳ ಮೇಲೆ ಸಿಟ್ಟು ಮಾಡುವುದು ಕಷ್ಟವಾಯಿತು. ಆದರೂ ಮಾಡಿದೆ.

ಸಭೆ ಒಂದು ಪಂದ್ಯ ಮುಗಿದ ಮೇಲೆ ಕಟ್ಟೆಯ ಮೇಲೆಯೇ ನಡೆಯಿತು. ಆಟಗಾರರೂ ಬೆವರು ಒರೆಸಿಕೊಳ್ಳುತ್ತ ಕೆಳಗಿನ ಮೆಟ್ಟಿಲಲ್ಲಿ ಕೂತರು. ಅದುವರೆಗೆ ನಾವೆಲ್ಲ, ತಂಡ ಹೋದರೂ ಹೆಸರು ನಮ್ಮಲ್ಲೇ ಉಳಿಯುತ್ತದೆ, ಅವರು ತಮ್ಮ ಊರಿನ ಹೆಸರಿಟ್ಟುಕೊಳ್ಳುತ್ತಾರೆ ಎಂದೇ ತಿಳಿದಿದ್ದೆವು. ಮೀನಾಕ್ಷಿ ಎದ್ದು, ಒಂದು ಕೈಯಿಂದ ಕಂಬ ಹಿಡಿದುಕೊಂಡು, ತಮಗೆ ಮುಖ್ಯವಾಗಿ ಬೇಕಾದದ್ದು ಹೆಸರೇ ಎಂದಳು. ಹೆಸರು, ಬಣ್ಣ, ಲೀಗಿನಲ್ಲಿ ತಂಡದ ಸ್ಥಾನ ಇವು ಮೂರು. ಆಟಗಾರರು ಬೇಕಾದರೆ ಬರಬಹುದು, ಬೇಡದವರು ಉಳಿಯಬಹುದು. ತೇಲೂರು ಎಂಬ ಹೆಸರಿನ ತಂಡ ತಮ್ಮಲ್ಲಿ ಆಗಲೇ ಇದೆ, ಅದನ್ನು ಯಾರೂ ನೋಡುವುದಿಲ್ಲ ಎಂದಳು.

ಕಟ್ಟೆಯ ಮೇಲೆ ಗದ್ದಲವೆದ್ದಿತು. ಊರಿನ ಹೆಸರನ್ನೇ ಕೊಟ್ಟ ಮೇಲೆ ಊರಲ್ಲಿ ಉಳಿಯುವುದೇನು ಎಂದು ನಾನು ಕೂಗಿದ್ದು ನೆನಪಿದೆ. ಮಾರಬೇಕೆನ್ನುತ್ತಿದ್ದವರೂ ಹಿಂಜರಿದರು. ಮಾತು ಅಲ್ಲಿಗೇ ಮುರಿಯುತ್ತದೆ ಎಂದು ನಾನು ಒಳಗೊಳಗೇ ಹಿಗ್ಗುತ್ತಿರುವಾಗ ದಾವಲಸಾಬರು ಎದ್ದು ನಿಂತರು. ಸಿಟ್ಟಾಗಿ ಏನೋ ಹೇಳುತ್ತಾರೆ ಎಂದು ಎಲ್ಲರೂ ಕಾದರು. ಅವರು ಕೋರ್ಟಿನಲ್ಲಿ ನಿಂತ ಹಾಗೆ ತಗ್ಗಿದ ದನಿಯಲ್ಲಿ ಮೀನಾಕ್ಷಿಯ ಕಡೆಗೆ ತಿರುಗಿದರು.

“ತಂಗೀ, ತಂಡಕ್ಕ ಬೆಲೆ ಕಟ್ಟಬಹುದು. ಆಟಗಾರರು ಮುದುಕರಾಗ್ತಾರ, ಇಪ್ಪತ್ತು ವರ್ಷ ಸಾಕು ಅನ್ನೂಣು. ಹೆಸರು ಮುದುಕ ಆಗಂಗಿಲ್ಲ. ಹೆಸರು ಎಲ್ಲಿತನಕ ನಿಮ್ಮದೋ, ನೀರು ಅಲ್ಲಿತನಕ ನಮ್ಮದು. ಇದಕ್ಕ ಒಪ್ಪಿಗಿ ಇದ್ರ ಹೇಳು.”

ಮೀನಾಕ್ಷಿ ತೇಲೂರಿನ ಹಿರಿಯರೊಡನೆ ಬದಿಗೆ ಸರಿದು ಅಲ್ಲಿಂದಲೇ ಮಾತಾಡಿದಳು. ಅಷ್ಟು ಹೊತ್ತು ಯಾರೂ ಕದಲಲಿಲ್ಲ, ಭಜಿಯವರೂ ಒಲೆ ಬಿಟ್ಟು ಬಂದು ನಿಂತಿದ್ದರು. ಅವಳು ಮರಳಿ ಬಂದು ಆಗಬಹುದೆಂದಳು. ದಾವಲಸಾಬರ ಮುಖ ಇಳಿದುಹೋಯಿತು. ಆಮೇಲೆ ನನಗೆ ಹೇಳಿದರು: ಯಾರೂ ಕೊಡಲಾರದ ಬೆಲೆ ಕೇಳಿದರೆ ಹಿಂದೆ ಸರಿಯುತ್ತಾರೆ ಅಂದುಕೊಂಡಿದ್ದೆ, ಶಿವಗಂಗಾ, ಅವರು ಕೊಟ್ಟುಬಿಟ್ಟರು.

ಕೈ ಎತ್ತುವ ಮೊದಲು ಕೆಳಗಿನ ಮೆಟ್ಟಿಲಿನಿಂದ ಕಸ್ತೂರಿ ಎದ್ದಳು. ಸಭೆಯಲ್ಲಿ ಅವಳು ಬಾಯಿ ತೆರೆದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

“ವರ್ಷಕ್ಕೊಮ್ಮೆ ಬಂದು ಇಲ್ಲೇ, ಈ ಮೈದಾನದಾಗ ಆಡಬೇಕು. ಅದನ್ನೂ ಬರೀರಿ” ಎಂದು ಕೂತುಬಿಟ್ಟಳು.

ಬರೆದರು. ಕೈ ಎತ್ತಿದರು. ಮಾರಬೇಕೆಂದವರೇ ಹೆಚ್ಚಾದರು. ನಾನು ಬೇಡವೆಂದು ಎತ್ತಿದ ಕೈಯನ್ನು ಇಳಿಸುವುದು ಮರೆತು ನಿಂತೇ ಇದ್ದೆ. ಯಾರೋ ತೋಳು ಹಿಡಿದು ಕೂರಿಸಿದರು.

ಕಸ್ತೂರಿಯ ಮಾತಿನ ಅರ್ಥ ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ, ಅವಳು ಪೆಟ್ಟಿಗೆ ತೆಗೆದಾಗ. ಅವಳು ಉಳಿಯುತ್ತಾಳೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ, ಕೇಳಿಯೂ ಇರಲಿಲ್ಲ. ಇಲ್ಲಿ ಉಳಿದವರು ಹೊಸ ತಂಡ ಕಟ್ಟಿದರೂ ಲೀಗಿನ ತೀರ ಕೆಳಗಿನ ಪಂಗಡದಿಂದ ಮೇಲೇಳಬೇಕು. ಅಷ್ಟರಲ್ಲಿ ತನ್ನ ಮೊಣಕಾಲು ಮುಗಿದಿರುತ್ತದೆ ಎಂದಳು. ದೊಡ್ಡ ಆಟ ಆಡುವ ವರ್ಷಗಳು ಇನ್ನು ಕೆಲವೇ, ಅವನ್ನು ಬಿಡಲಾರೆ ಎಂದಳು. ನಾನು ತಂಡಕ್ಕಿಂತ ಊರು ದೊಡ್ಡದು, ಅವ್ವ ಇದ್ದಿದ್ದರೆ ಹೋಗಗೊಡುತ್ತಿರಲಿಲ್ಲ ಎಂದೆಲ್ಲ ಅಂದೆ.

“ಅಕ್ಕಾ, ನೀವೆಲ್ಲಾ ಬೆಟಗೇರಿ ಬೆಟಗೇರಿ ಅಂತ ಕೂಗೀರಿ. ಗೋಲಿನ್ಯಾಗ ನಿಂತಾಕಿ ನಾ. ಚೆಂಡು ಬಡಿದಿದ್ದು ನನ್ನ ಎದಿಗೆ. ನಾ ಹೊಂಟೇನಿ” ಎಂದಳು.

ಅವಳು ಹೊರಡುವ ತನಕ ಇಬ್ಬರೂ ಅಷ್ಟಕ್ಕಷ್ಟೇ ಮಾತಾಡಿದೆವು. ಹೊರಟ ದಿನ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ. ಬಸ್ಸಿನ ತನಕ ಮೀನಾಕ್ಷಿಯ ಚೀಲವನ್ನೂ ನಾನೇ ಹೊತ್ತೆ. ಅವಳಿಗೆ ಇನ್ನೂ ನೆಲಸುತ್ತು ಪೂರ್ತಿ ಹೋಗಿರಲಿಲ್ಲ.

ನೀರು ಬಂತು. ಕಡಲಕೊಳವೆ ನಮ್ಮ ಓಣಿಗೆ ಮುಟ್ಟಿದ ದಿನ ನಲ್ಲಿ ಬಿಟ್ಟವರು ಮುಚ್ಚಲಿಲ್ಲ. ಬೀದಿಯಲ್ಲಿ ಹರಿಯುವುದನ್ನು ನೋಡುತ್ತ ನಿಂತರು. ಅದರ ರುಚಿ ಸಪ್ಪೆ. ಮುದುಕರು ಚಿಟಿಕೆ ಉಪ್ಪು ಹಾಕಿಕೊಂಡು ಕುಡಿದರು. ಕೆಲವೇ ತಿಂಗಳಲ್ಲಿ ಊರಿನ ಮುಖ ಬದಲಾಯಿತು. ಬಣ್ಣದ ಮನೆಗಳು ಮತ್ತೆ ತೆರೆದವು, ನೂಲಿಗೆ ನಾವೇ ಬಣ್ಣ ಹಾಕತೊಡಗಿದೆವು. ಶಾಲೆಯಲ್ಲಿ ಎಲ್ಲ ಮಕ್ಕಳೂ ಎಲ್ಲ ದಿನವೂ ಇದ್ದರು. ನಾನು ಮಾತ್ರ ನಲ್ಲಿ ತಿರುಗಿಸುವಾಗ ಒಂದು ಗಳಿಗೆ ಕೈ ತಡೆಯುತ್ತಿದ್ದೆ. ಯಾರಿಗೂ ಹೇಳಲಿಲ್ಲ.

ಉಳಿದ ಆಟಗಾರರು, ಹೊಸಬರು ಸೇರಿ ಒಂದು ತಂಡ ಮಾಡಿದರು. ಬೆಟಗೇರಿ ಎನ್ನುವ ಹಾಗಿಲ್ಲವಲ್ಲ, ಅದಕ್ಕೆ ‘ಕಟ್ಟೆ ಬಳಗ’ ಎಂದಿಟ್ಟರು. ಇಬ್ಬರು ಗೋಲ್‌ಕೀಪರುಗಳು ಒಂದೇ ಹೆಲ್ಮೆಟ್ಟನ್ನು ಪಾಳಿಯ ಮೇಲೆ ಹಾಕಿಕೊಳ್ಳುತ್ತಿದ್ದರು. ಆಟ ನೋಡಲು ಹೋಗುತ್ತಿದ್ದೆವು, ಆದರೆ ಆ ಹೆಸರನ್ನು ಕೂಗಲು ನಾಲಿಗೆ ಏಳುತ್ತಿರಲಿಲ್ಲ. ದಾವಲಸಾಬರು ಹಲಗಿಯನ್ನು ಮನೆಯ ಮೊಳೆಗೆ ನೇತುಹಾಕಿದ್ದರು. ತೇಲೂರಿನಲ್ಲಿ ನಡೆಯುವ ಪಂದ್ಯಗಳನ್ನು ಯಾರೂ ನೋಡುವುದಿಲ್ಲವೆಂದೇ ಎಲ್ಲರೂ ಹೇಳುತ್ತಿದ್ದರು. ಆದರೆ ಆ ತಂಡ ಸೋತ ಮಾರನೆಯ ದಿನ ಭಜಿ ಅಂಗಡಿ ಸಪ್ಪಗಿರುತ್ತಿತ್ತು.

ವರ್ಷ ತುಂಬಿದಾಗ ಅವರು ಬಂದರು. ತಂಡದ ಜೊತೆ ತೇಲೂರಿನ ಜನ, ಬಸ್ಸುಗಳ ಸಾಲೇ ಸಾಲು. ಇಳಿದವರೆಲ್ಲ ಒಬ್ಬರ ಹೆಗಲು ಒಬ್ಬರು ಹಿಡಿದು, ಕುಡಿದವರ ಹಾಗೆ ಓಲಾಡುತ್ತ ಎದುರಿನ ಕಟ್ಟೆ ಹತ್ತಿದರು. ನಮ್ಮವರು ಈ ಕಡೆ. ನಸುಕಿನಲ್ಲಿ ಅವರ ತಂಡವೂ ನಮ್ಮ ಕಟ್ಟೆ ಬಳಗವೂ ಮೈದಾನಕ್ಕೆ ಇಳಿದವು. ನಮ್ಮ ಹಳೆಯ ಬಣ್ಣ ತೊಟ್ಟು ಕಸ್ತೂರಿ ಆಚೆಯ ಗೋಲಿಗೆ ನಡೆದಳು. ಶೀಟಿ ಊದಿದ್ದೇ ತಡ, ಎದುರಿನ ಕಟ್ಟೆಯ ಜನ ಒಂದೇ ಕೊರಳಿನಲ್ಲಿ “ಬೆಟಗೇರಿ! ಬೆಟಗೇರಿ!” ಎಂದು ಕೂಗಿದರು.

ನಮ್ಮೂರಿನ ಹೆಸರನ್ನು, ನಮ್ಮೂರಿನಲ್ಲಿ, ನಮ್ಮ ಎದುರಾಳಿಗಳು ಕೂಗುತ್ತಿದ್ದರು. ಬರೀ ಬಾಯಿಮಾತಿನ ಕೂಗಲ್ಲ ಅದು. ಕೊರಳ ನರ ಉಬ್ಬಿಸಿ, ಕಣ್ಣಲ್ಲಿ ನೀರು ತಂದುಕೊಂಡು ಕೂಗುತ್ತಿದ್ದರು. ನಾವು ಹಾಗೆ ಕೂಗಿ ವರ್ಷವಾಗಿತ್ತು. ಈಗ ನಾವು ಏನೆಂದು ಕೂಗಬೇಕು? ಪಕ್ಕದಲ್ಲಿ ಕೂತ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೆ ಎದ್ದು ಮನೆಗೆ ಹೋಗಬೇಕೆನಿಸಿತು.

ಅಷ್ಟರಲ್ಲಿ ಹಿಂದಿನ ಮೆಟ್ಟಿಲಿನಿಂದ ಹಲಗಿಯ ಸದ್ದು ಬಂತು. ತಿರುಗಿ ನೋಡಿದರೆ ದಾವಲಸಾಬರು. ಆಣೆ ಏನಾಯಿತೆಂದು ಯಾರೋ ಕೇಳಿದರು. ಬೆಟಗೇರಿ ಆಟ ನೋಡಲು ಬಂದಿಲ್ಲ, ಕಟ್ಟೆ ಬಳಗದ ಆಟ ನೋಡಲು ಬಂದಿದ್ದೇನೆ, ಎದುರಿಗೆ ಯಾರು ಆಡಿದರೆ ನನಗೇನು ಎಂದರು, ಪಕ್ಕಾ ವಕೀಲರು. ಆಮೇಲೆ ಹಲಗಿಯನ್ನು ಎತ್ತಿ ಹಿಡಿದು, ಎದೆ ತುಂಬ ಉಸಿರೆಳೆದುಕೊಂಡು ಕೂಗಿದರು: “ತೇಲೂರು! ತೇಲೂರು!”

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಯಾರೋ ನಕ್ಕರು. ನಗೆ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು. ಆಮೇಲೆ ನಮ್ಮ ಇಡೀ ಕಟ್ಟೆ, ನಮ್ಮ ಹರಕು ತಂಡಕ್ಕಾಗಿ, ಅವರ ಊರಿನ ಹೆಸರನ್ನು ಹಿಡಿದು ಕೂಗಿತು. ಎದುರಿನವರ ಕೂಗು ಅರ್ಧಕ್ಕೇ ನಿಂತಿತು. ತಮ್ಮ ಊರಿನ ಹೆಸರನ್ನು ಇಷ್ಟು ಜೋರಾಗಿ ಯಾರಾದರೂ ಕೂಗಿದ್ದನ್ನು ಅವರು ಕೇಳಿದ್ದೇ ಅದು ಮೊದಲು ಎಂದು ಮೀನಾಕ್ಷಿ ಆಮೇಲೆ ಹೇಳಿದಳು. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದು ನನಗೆ ಕಂಡಿತು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ಆಮೇಲೆ ಅವರೂ ದನಿ ಏರಿಸಿದರು, ನಾವೂ ಏರಿಸಿದೆವು.

ಆಟದಲ್ಲಿ ನಾವು ಸೋತೆವು, ಚೆನ್ನಾಗಿಯೇ ಸೋತೆವು. ಕೊನೆಗೆ ಒಂದು ಪೆನಾಲ್ಟಿ ಕಾರ್ನರ್ ಸಿಕ್ಕಿತು. ನಮ್ಮ ಕ್ಯಾಪ್ಟನ್ ಚೆಂಡಿಗೆ ಸ್ಟಿಕ್ಕು ಬೀಸುವಾಗ ನಾನು ಎದ್ದು ನಿಂತು “ಹೊಡೀ!” ಎಂದು ಕಿರುಚಿದೆ. ಗೋಲಿನಲ್ಲಿ ನಿಂತವಳು ನನ್ನ ಒಡಹುಟ್ಟಿದವಳೆಂಬುದು ಆ ಹೊತ್ತಿಗೆ ನನ್ನ ತಲೆಯಲ್ಲಿರಲಿಲ್ಲ. ಕಸ್ತೂರಿ ಎಡಕ್ಕೆ ಹಾರಿ ಚೆಂಡನ್ನು ಒದ್ದು ಹೊರಹಾಕಿದಳು. ಎರಡೂ ಕಟ್ಟೆಗಳು ಒಟ್ಟಿಗೆ ಹೋ ಎಂದವು. ನಾನು ಮಾತ್ರ ಕೂತುಬಿಟ್ಟೆ.

ಆಟ ಮುಗಿದು ಅವಳು ಮನೆಗೆ ಬಂದಳು. ಪಡಸಾಲೆಯ ಜೋಕಾಲಿಯ ಮೇಲೆ ಕೂತು ಬೂಟು ಬಿಚ್ಚಿದಳು. ಈಗ ಅವಳಿಗೂ ಸ್ವಲ್ಪ ನೆಲಸುತ್ತು ಬರುತ್ತಿತ್ತು. ನಾನು ತಟ್ಟೆ ಇಟ್ಟೆ, ಮುಖ ಎತ್ತಿ ನೋಡಲಿಲ್ಲ.

“ನಿನ್ನ ದನಿ ಕೇಳಿಸ್ತು” ಎಂದಳು. “ಅವಗ ಹೊಡಿ ಅಂದಿ.”

ಹೌದೆಂದೆ.

“ಬರೋಬ್ಬರಿ ಅಂದಿ. ನೀ ನನ್ನ ಕಡೆ ಕೂಗಿದ್ದಿದ್ರ ನನಗ ನಗು ಬಂದು ಚೆಂಡು ಒಳಗ ಬಿಡ್ತಿದ್ನಿ” ಎಂದು ರೊಟ್ಟಿ ಮುರಿದಳು. ಅವಳು ಹೋದ ಮೇಲೆ ನಾವಿಬ್ಬರೂ ಮನಸ್ಸು ಬಿಚ್ಚಿ ಮಾತಾಡಿದ್ದು ಅಂದೇ.

ಅದಾಗಿ ಹನ್ನೆರಡು ವರ್ಷವಾಯಿತು. ಪ್ರತಿ ವರ್ಷ ಅವರು ಬರುತ್ತಾರೆ, ನಾವು ತೇಲೂರು ಎನ್ನುತ್ತೇವೆ, ಅವರು ಬೆಟಗೇರಿ ಎನ್ನುತ್ತಾರೆ. ಹೊಸ ಮಕ್ಕಳಿಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಬೆಲೆಯ ಬಗ್ಗೆ ಜಗಳವೂ ನಿಂತಿಲ್ಲ. ನಾವು ಮೋಸ ಹೋದೆವೆಂದು ಭಜಿ ಅಂಗಡಿಯಲ್ಲಿ ಈಗಲೂ ಹೇಳುವವರಿದ್ದಾರೆ, ಮೋಸ ಮಾಡಿದೆವೆಂದು ಹೇಳುವವರೂ ಇದ್ದಾರೆ. ನನಗೆ ಯಾವುದು ಸರಿಯೋ ತಿಳಿಯದು. ನೆನೆದಾಗಲೆಲ್ಲ ಸ್ವಲ್ಪ ನೋವಾಗುತ್ತದೆ, ಆದರೂ ನೆನೆಯುತ್ತೇನೆ.

ನಿಮ್ಮ ತಂಡವನ್ನು ಮಾರಬೇಡಿ ಎಂದು ನಾನು ಹೇಳಲಾರೆ. ನಿಮ್ಮ ಓಣಿಯಲ್ಲಿ ನೀರು ಬರುತ್ತದೋ ಇಲ್ಲವೋ ನನಗೇನು ಗೊತ್ತು? ಬೆಲೆಯ ಬಗ್ಗೆ ಮನಸಾರೆ ಜಗಳವಾಡಿ. ಸಹಿ ಹಾಕುವ ಮೊದಲು ಮಾತ್ರ ನನ್ನ ತಂಗಿ ಕೇಳಿದ್ದನ್ನು ನೀವೂ ಕೇಳಿ: ವರ್ಷಕ್ಕೊಂದು ಆಟ, ನಿಮ್ಮ ಮೈದಾನದಲ್ಲೇ. ಹೋದವರು ಬಂದು ನಿಮ್ಮೆದುರು ನಿಲ್ಲಲಿ. ನಿಮ್ಮ ಬಾಯಿಂದ ಯಾರ ಹೆಸರು ಬರುತ್ತದೆ ಎಂಬುದು ಅಲ್ಲಿಯ ತನಕ ನಿಮಗೂ ತಿಳಿದಿರುವುದಿಲ್ಲ.

ಇಂತಿ ನಿಮ್ಮ ಮುಂದಿನವಳು,
ಶಿವಗಂಗಾ ಬಣಕಾರ